ನೆಂಟರ ಮುಂದೆ ಬಸ್ರಾ

ಯಲಹಂಕದ ಹಳೇ ಊರಿನಲ್ಲಿ ನಮ್ಮ ಎದುರುಮನೆ ಮಜೀದನಂಥ ಇನ್ನೊಬ್ಬ ಬಾಯಿಬಡುಕನನ್ನು ನಾನು ಕಂಡಿಲ್ಲ. ಇರಾಕಿನ ಬಸ್ರಾದಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದವನು, ಎಂಬತ್ತನೇ ಇಸವಿಯಲ್ಲಿ ಅಲ್ಲಿ ಇರಾನಿನ ಜೊತೆ ಯುದ್ಧ ಶುರುವಾದ ಮೇಲೆ ಹೆಂಡತಿ ಫರೀದಾ ಮತ್ತು ಏಳು ವರ್ಷದ ಮಗಳು ಮುಸರ್ರತ್ ಜೊತೆ ವಾಪಸಾದ. ತಂದದ್ದು ಒಂದು ಟೇಪ್ ರೆಕಾರ್ಡರ್, ಎರಡು ಕಂಬಳಿ. ಮಾತು ಕೇಳಿದರೆ ಮಾತ್ರ ಬಸ್ರಾ ಬಂದರನ್ನೇ ಇವನು ಬೆಸುಗೆ ಹಾಕಿ ನಿಲ್ಲಿಸಿದ್ದ ಅನ್ನಬೇಕು.

ಮಗುವಿನ ಪಾಡೇ ಬೇರೆ. ಅವರಿದ್ದ ಬೀದಿಗೇ ಬಾಂಬು ಬಿದ್ದು, ಪಕ್ಕದ ಮನೆ ಕುಸಿದು, ಅವಳ ಜೊತೆ ಆಡುತ್ತಿದ್ದ ಹುಡುಗಿ ಸತ್ತಿದ್ದಳು. ನಮ್ಮೂರಲ್ಲೋ ಏರ್‌ಫೋರ್ಸ್ ಸ್ಟೇಷನ್; ಬೆಳಗಾದರೆ ತರಬೇತಿ ವಿಮಾನಗಳು ನೆತ್ತಿಯ ಮೇಲೆ. ಸದ್ದು ಕೇಳಿದ ಕೂಡಲೇ ಮುಸರ್ರತ್ ಅಕ್ಕಿ ಡ್ರಮ್ಮಿನ ಹಿಂದೆ ತೂರಿಕೊಂಡು ಬಟ್ಟೆ ಒದ್ದೆ ಮಾಡಿಕೊಳ್ಳುವಳು. ಸ್ಕೂಲಿನ ಮಾತೇ ಇಲ್ಲ. ಬಚ್ಚಲಿಗೂ ತಾಯಿ ಬೇಕು. ಅಪ್ಪ ಕರೆದರೆ ಮುಖ ತಿರುಗಿಸುವಳು.

ಊರಿನವರು ಸುಮ್ಮನಿರುತ್ತಾರೆಯೇ? ಯಾರೋ ತಾಯಿತ ತಂದು ಕಟ್ಟಿದರು. ಅವರ ಮನೆ ಮಾಲೀಕ ಚಿಕ್ಕಬೈರಪ್ಪ, “ಬಳೆ ಕಾಯ್ಸಿ ಒಟ್ಟೆಗೆ ಒಂದು ಬರೆ ಎಳೀರಿ, ಬೆಚ್ಚಿದ್ದೆಲ್ಲ ಬಿಟ್ಟೋಯ್ತದೆ” ಎಂದ. “ಮೊದ್ಲು ನಿಮ್ಮ ಹೊಟ್ಟೆಗೆ ಎಳ್ಕೊಂಡು ತೋರ್ಸಿ” ಅಂದೆ. ಆಮೇಲೆ ಬಹಳ ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ, ಪುಣ್ಯ.

ಕೊನೆಗೆ ನಾನೇ ಹಟ ಹಿಡಿದು ಮೂವರನ್ನೂ ಪೇಟೆಯ ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಆಕೆ ಮಗುವಿಗೆ ಬಣ್ಣದ ಕಡ್ಡಿ, ಒಂದಿಷ್ಟು ಗೊಂಬೆ ಕೊಟ್ಟು ಪಕ್ಕದಲ್ಲೇ ನೆಲದ ಮೇಲೆ ಕೂತಳು. ನಾವು ಹೊರಡುವಾಗ ಹೇಳಿದಳು: “ಅವಳಿಗೆ ಅನ್ನಿಸ್ದಾಗ, ಅವಳಿಗೆ ಬೇಕಾದವ್ರ ಹತ್ರ, ಅವಳ ಮಾತಲ್ಲೇ ಹೇಳ್ಲಿ. ಒತ್ತಾಯ ಮಾಡ್ಬೇಡಿ. ವಾರವಾರ ಕರ್ಕೊಂಡ್ ಬನ್ನಿ.”

ಇಷ್ಟರಲ್ಲಿ ಮಜೀದನ ಕಿವಿಗೆ ಬಿದ್ದದ್ದು ‘ಹೇಳ್ಲಿ’ ಎಂಬುದೊಂದೇ. ವಾರವಾರ ಯಾರು ಬಸ್ಸು ಹತ್ತುತ್ತಾರೆ ಎಂದು ಮನೆಯಲ್ಲೇ ಚಿಕಿತ್ಸೆ ಶುರು ಮಾಡಿದ. ನೆಂಟರು ಬಂದರೆ ಮಕ್ಕಳನ್ನು ನಡುಮನೆಯಲ್ಲಿ ನಿಲ್ಲಿಸಿ ಮಗ್ಗಿ ಹೇಳಿಸುವ ಚಪಲ ನಮ್ಮ ಬೀದಿಯಲ್ಲಿ ಯಾರಿಗಿಲ್ಲ? ಇವನು ಬಾಂಬಿನ ಕಥೆ ಹೇಳಿಸಿದ. ಚಹಾ ಬರುತ್ತಿದ್ದ ಹಾಗೇ, “ಮುಸರ್ರತ್, ಬಸ್ರಾದ್ದು ಹೇಳಮ್ಮ!” ಮಗು ಕೈಕಟ್ಟಿ ಶುರು ಮಾಡುವುದು: ವಿಮಾನ ಬಂತು, ಪಕ್ಕದ ಮನೆ ಬಿತ್ತು, ಅಬ್ಬಾ ನನ್ನ ಎತ್ಕೊಂಡು ಓಡಿದ್ರು. ಎಡವಿದರೆ ಅವನು ತಿದ್ದುವನು, “ಎರಡು ಅಲ್ಲ, ನಾಲ್ಕು ವಿಮಾನ!” ಬಂದವರು ಲೊಚಗುಟ್ಟಿ, ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಳ್ಳುವರು. ಥೂ! ಅವರು ಹೋದ ಮೇಲೆ ಮಗು ತಿಂದದ್ದನ್ನೆಲ್ಲ ಕಕ್ಕುತ್ತಿತ್ತು.

“ಮಜೀದ್ ಭಾಯ್, ಆ ಮಗೂನ ಬಿಟ್ಬಿಡ್ರೀ” ಎಂದೆ.

“ಡಾಕ್ಟ್ರೇ ಹೇಳಿದಾರಲ್ಲ ಅಕ್ಕಾ, ಹೇಳ್ತಾ ಹೇಳ್ತಾ ಹಗುರ ಆಗ್ತದೆ” ಎಂದು ನನಗೇ ಬುದ್ಧಿ ಹೇಳಿದ. ಮೈಯೆಲ್ಲ ಉರಿದುಹೋಯಿತು.

ಒಂದು ಭಾನುವಾರ ಚಿಕ್ಕಬೈರಪ್ಪ ಹೆಂಡತಿ ಕೃಷ್ಣಮ್ಮನ ಜೊತೆ ಬಂದು ಕೂತಿದ್ದ. ಫರೀದಾಳಿಗೆ ಕೈಜೋಡಿಸಲು ಹೋದ ನಾನೂ ಅಲ್ಲೇ ಇದ್ದೆ. ಮುಸರ್ರತ್ ಎಂದಿನಂತೆ ನಿಂತಳು. ವಿಮಾನ ಬಂತು. ಮನೆ ಬಿತ್ತು. ಅಲ್ಲಿಗೆ ನಿಲ್ಲಿಸಿದಳು.

“ಆಮೇಲೆ ಏನಾಯ್ತವ್ವ?” ಎಂದಳು ಕೃಷ್ಣಮ್ಮ.

“ಹೇಳಮ್ಮ, ಅಬ್ಬಾ ಏನ್ ಮಾಡಿದ್ರು?” ಮಜೀದ ಎದೆಯುಬ್ಬಿಸಿ ಕೂತ.

“ಅಬ್ಬಾ ಓಡಿದ್ರು” ಎಂದಳು ಮುಸರ್ರತ್. “ನಾನು ಒಳಗೇ ಇದ್ದೆ. ಅಬ್ಬಾ ಅಂತ ಕೂಗ್ದೆ. ಅವ್ರು ತಿರುಗಿ ನೋಡಿದ್ರು. ನೋಡಿ ಓಡಿದ್ರು.”

“ಏಯ್, ಝೂಟ್! ಸುಳ್ಳು!” ಎಂದು ಮಜೀದ ಎದ್ದ. ಫರೀದಾ ಚಹಾದ ತಟ್ಟೆ ಕೆಳಗಿಟ್ಟಳು. “ಝೂಟ್ ಅಲ್ಲ. ನಾನು ನೀರಿಗೆ ಹೋಗಿದ್ದೆ. ಇವ್ರು ಒಬ್ರೇ ಓಡಿ ಬಂದ್ರು. ನಾನು ವಾಪಸ್ ಹೋಗಿ ಎತ್ಕೊಂಡ್ ಬಂದೆ.”

ಆ ಒಂದು ನಿಜ ಮುಚ್ಚಲಿಕ್ಕೆ ಇವನು ಒಂದು ವರ್ಷ ಮಗಳ ಬಾಯಲ್ಲಿ ತನ್ನ ಶೌರ್ಯ ಹೇಳಿಸಿದ್ದ. ಅದಕ್ಕೆ ಚಿಕಿತ್ಸೆ ಅಂತ ಹೆಸರಿಟ್ಟಿದ್ದ. ಬಾಂಬಿಗೆ ಹೆದರಿ ಓಡಿದವನನ್ನು ನಾನು ಬೇಕಾದರೆ ಕ್ಷಮಿಸಿಯೇನು. ಇದನ್ನು ಕ್ಷಮಿಸಲಾರೆ.

ಚಿಕ್ಕಬೈರಪ್ಪ ಕೆಮ್ಮಿ ಪಂಚೆ ಸರಿಮಾಡಿಕೊಂಡ. ಮಜೀದ ಗೋಡೆ ನೋಡುತ್ತ ಕುಸಿದು ಕೂತ. ಮುಸರ್ರತ್ ತಾಯಿಯ ಹತ್ತಿರ ಹೋಗಲಿಲ್ಲ. ಬಸ್ರಾ ಬಿಟ್ಟ ಮೇಲೆ ಮೊದಲ ಸಲ ತಾನಾಗಿ ಅಪ್ಪನ ಎದುರು ಹೋಗಿ ನಿಂತಳು.

“ಅಬ್ಬಾ, ಇಲ್ಲಿ ವಿಮಾನ ಬಂದ್ರೆ ನನ್ನ ಕರ್ಕೊಂಡ್ ಹೋಗ್ತೀರಾ?”

ಅಷ್ಟು ಮಾತುಗಾರ ಗೋಡೆಯ ಕಡೆಗೇ ಮುಖ ತಿರುಗಿಸಿದ. ಮಗು ಕಾಯುತ್ತಲೇ ನಿಂತಿತ್ತು.