ಸುದ್ದಿಗೂ ಕಥೆಗೂ ನಡುವೆ ಒಂದು ಗೆರೆ

ಬೆಳಗಿನ ಐದು ಗಂಟೆ. ಲಿಯಾನ್ ನಗರದ ಸೋನ್ ನದಿಯ ಮಂಜು ಇನ್ನೂ ಅಚ್ಚುಕೂಟದ ಕಿಟಕಿ ಬಿಟ್ಟಿಲ್ಲ. ಫಿಲೋಮೆನ್ ಬರ್ತೆ ಆಗಲೇ ನಿಂತಿದ್ದಾರೆ. ಸೀಸದ ಅಕ್ಷರಗಳ ಮೊಳೆ ಜೋಡಿಸುವವರಿಗೆ ಇಲ್ಲಿ ಕುರ್ಚಿಯಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಬಲಗೈ ಮರದ ಖಾನೆಗಳ ಮೇಲೆ. ಗಂಟೆಗೆ ಸಾವಿರದ ಮುನ್ನೂರು ಮೊಳೆ. ಮಧ್ಯಾಹ್ನದ ಪತ್ರಿಕೆ ಹನ್ನೊಂದಕ್ಕೆ ಯಂತ್ರ ಏರಬೇಕು.

"ಆಶ್ಚರ್ಯಸೂಚಕ ಮತ್ತೆ ಖಾಲಿ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ. "ಧೂಮಕೇತು ಕಥೆ ಬರೆಯೋರಿಗೆ ಒಂದು ವಾಕ್ಯಕ್ಕೆ ಮೂರು ಬೇಕು. ಜಾಹೀರಾತಿನ ಖಾನೆಯಿಂದ ಕದ್ದು ತರ್ತೀನಿ."

ಬರುವ ಬುಧವಾರ ಭೂಮಿ ಧೂಮಕೇತುವಿನ ಬಾಲದೊಳಗೆ ಹಾದುಹೋಗಲಿದೆ. ಲಿಯಾನಿನಲ್ಲಿ ಬೇರೆ ಮಾತಿಲ್ಲ. ಪತ್ರಿಕೆಯ ಮೇಲರ್ಧದಲ್ಲಿ ಖಗೋಳ ಪಂಡಿತರ ಲೆಕ್ಕಾಚಾರ. ಕೆಳಗೆ, ದಪ್ಪ ಗೆರೆಯೊಂದರ ಅಡಿಯಲ್ಲಿ, ಲೋಕ ಕೊನೆಯಾಗುವ ಧಾರಾವಾಹಿ. ಚಳಿಗಾಲದಿಂದ ಇದು ಮೂರನೆಯದು. "ಒಂದ್ರಲ್ಲಿ ಭೂಮೀನ ಸುಟ್ಟೆ, ಇನ್ನೊಂದ್ರಲ್ಲಿ ಮುಳುಗಿಸ್ದೆ. ಸಾಯಂಕಾಲ ಮನೆಗೆ ಹೋಗಿ ಈರುಳ್ಳಿ ಸಾರು ಕಾಯಿಸ್ಕೊಂಡು ಕುಡಿದೆ," ಎನ್ನುತ್ತಾರೆ ಫಿಲೋಮೆನ್.

ವಯಸ್ಸು ನಲವತ್ತೊಂದು. ಈ ಖಾನೆಗಳ ಮುಂದೆ ಮೊದಲು ನಿಂತಿದ್ದವರು ಅವರ ಗಂಡ. ಸೀಸದ ಧೂಳು ಎದೆಗಿಳಿದು ಅವರು ತೀರಿಕೊಂಡ ಮೇಲೆ ಹನ್ನೊಂದು ವರ್ಷಗಳಿಂದ ಇವರು ನಿಂತಿದ್ದಾರೆ. ಉಳಿದ ಇಪ್ಪತ್ತೆರಡು ಮಂದಿಯೂ ಗಂಡಸರು. ಅವರ ಸಂಘ ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ. ಇವರನ್ನು ಹೊರಗೆ ಕಳಿಸಲು ನೆಪವೊಂದು ಬೇಕಿತ್ತು. ಕಳೆದ ಮಂಗಳವಾರ ಸಿಕ್ಕಿತು.

ಅಂದು ಧೂಮಕೇತುವಿನ ವಿಷಾನಿಲದ ಸುದ್ದಿ ಒಂದು ಸಾಲು ಹೆಚ್ಚಾಗಿತ್ತು. ಪುಟದ ಚೌಕಟ್ಟು ಮುಚ್ಚುತ್ತಿರಲಿಲ್ಲ. "ಸುದ್ದಿ ಕತ್ತರಿಸೋಕೆ ಸಂಪಾದಕರನ್ನ ಕೇಳ್ಬೇಕು, ಕಥೆ ಕತ್ತರಿಸೋಕೆ ಬರೆದೋರನ್ನ. ಗೆರೆ ಯಾರದೂ ಅಲ್ವಲ್ಲ. ಅದನ್ನ ತೆಗೆದೆ." ಮೇಸ್ತ್ರಿ ನೋಡಿ, ಸರಿ ಎಂದು ತಲೆಯಾಡಿಸಿದರು. ಅಂದಿನ ಅಧ್ಯಾಯದ ಹೆಸರು 'ಬಾಲದೊಳಗೆ ನಮ್ಮ ಊರು'. ಮೊದಲ ವಾಕ್ಯ: ನಸುಕಿಗೆ ಸೇತುವೆಯ ಮೇಲೆ ಹಕ್ಕಿಗಳು ಸತ್ತುಬಿದ್ದವು.

ಗೆರೆಯಿಲ್ಲದೆ ಅದೂ ಸುದ್ದಿಯಾಯಿತು. ನೇಕಾರರ ಗುಡ್ಡದಲ್ಲಿ ಒಂದಿಡೀ ಬೀದಿ ಕಿಟಕಿ ಸಂದುಗಳಿಗೆ ಬಟ್ಟೆ ತುರುಕಿತು. ಒಂದು ಮನೆಯಲ್ಲಿ ಇದ್ದಿಲ ಒಲೆಯೂ ಉರಿಯುತ್ತಿತ್ತು. ಹೊಗೆ ಕಟ್ಟಿ ಪ್ರಜ್ಞೆ ತಪ್ಪಿದ್ದ ಮೂವರನ್ನು ಬಾಗಿಲು ಒಡೆದು ಹೊರಗೆ ತಂದರು. ಬದುಕಿದ್ದಾರೆ.

ಮರುದಿನವೇ ಆ ಮೂವರನ್ನು ನೋಡಲು ಫಿಲೋಮೆನ್ ಹೋದರು. ಬೈಗುಳಕ್ಕೆ ಸಿದ್ಧರಾಗಿಯೇ ಹೋಗಿದ್ದರು. ಮನೆಯ ಮುದುಕಿ ಮದಾಮ್ ವಿಯಲೆ ಬೈಯಲಿಲ್ಲ. "ಸೇತುವೆ ನಮ್ಮನೆಯಿಂದ ಕಾಣುತ್ತೆ ಮಗಳೇ. ಬಗ್ಗಿ ನೋಡಿದ್ರೆ ಆಗ್ತಿತ್ತು. ಪೇಪರಲ್ಲೇ ಇದೆಯಲ್ಲ, ಇನ್ನು ನೋಡೋದೇನು ಅಂದ್ಕೊಂಡೆ" ಎಂದರಂತೆ.

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಫಿಲೋಮೆನ್.

ಮೇಸ್ತ್ರಿ ಕ್ಲಾದಿಯುಸ್ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. "ಏನಮ್ಮಾ, ಇವತ್ತು ಯಾವ ಬೀದಿ ಮುಗಿಸ್ತೀರಿ?"

"ನಿಮ್ದೇ, ಮೇಸ್ತ್ರಿಗಳೇ. ಮನೇಲಿ ಹೇಳಿ ಬಂದಿದೀರಾ?"

ನಾಲ್ಕಾರು ಮಂದಿ ನಗುತ್ತಾರೆ. ಮೇಸ್ತ್ರಿ ನಗುವುದಿಲ್ಲ, ಮಾಲೀಕರ ಚೀಟಿ ಅವರ ಕೈಯಲ್ಲಿದೆ. ಅಂದು ತಲೆಯಾಡಿಸಿದವರ ಹೆಸರು ಅದರಲ್ಲಿಲ್ಲ. ಸೋಮವಾರದಿಂದ ಫಿಲೋಮೆನ್ ಮೊಳೆ ಜೋಡಿಸುವಂತಿಲ್ಲ. ಅಚ್ಚಾದ ಪುಟ ಬಿಚ್ಚಿ, ಮೊಳೆಗಳನ್ನು ಅವುಗಳ ಖಾನೆಗೆ ಹಾಕಿಕೊಂಡು ಇರಬಹುದು. ಹೊಸಬರಿಗೆ ಕೊಡುವ ಕೆಲಸ ಅದು.

ಫಿಲೋಮೆನ್ ಚೀಟಿ ಓದಿ, ಮಡಿಸಿ, ಏಪ್ರನ್ನಿನ ಜೇಬಿಗೆ ಹಾಕಿ, ಅರ್ಧಕ್ಕೆ ನಿಂತಿದ್ದ ವಾಕ್ಯವನ್ನು ಮುಗಿಸುತ್ತಾರೆ. ಆಮೇಲೆ ಮೊಣಕಾಲು ನೀವಿಕೊಳ್ಳುತ್ತಾರೆ. ಇದನ್ನೆಲ್ಲ ಬರೆಯುವುದು ಬೇಡವೆಂದರೆ ಇಲ್ಲಿಗೇ ಬಿಡುತ್ತೇನೆ ಎನ್ನುತ್ತೇನೆ.

"ಬರೀರಿ. ಮೂರು ಜನ ಸಾಯ್ತಿದ್ರು ಅಂತ್ಲೂ ಬರೀರಿ, ತಪ್ಪು ನಂದು ಅಂತ್ಲೂ ಬರೀರಿ." ಆಮೇಲೆ ದನಿ ತಗ್ಗಿಸಿ, "ಆದ್ರೆ ಆ ಪುಟದಲ್ಲಿ ಒಂದಕ್ಷರ ತಪ್ಪಿಲ್ಲ. ಬೇಕಾದ್ರೆ ನೋಡಿ" ಎನ್ನುತ್ತಾರೆ.

ಮನೆಗೆ ಬಂದು ಆ ಮಂಗಳವಾರದ ಪುಟ ಎರಡು ಸಲ ಓದಿದೆ. ತಪ್ಪಿಲ್ಲ.