ಭಾವನ ಕ್ರೇನು

ನನ್ನ ಭಾವನ ಸೊಂಟದಲ್ಲಿ ಮುಂಡು ನಿಲ್ಲುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದರೆ ಒಮ್ಮೆ ನಿಂತು, ಹೊಟ್ಟೆಯನ್ನು ಒಳಗೆಳೆದು, ಜಾರಿದ್ದನ್ನು ಎರಡೂ ಮಣಿಕಟ್ಟಿನಿಂದ ಮೇಲಕ್ಕೆ ತಳ್ಳಬೇಕು. ಬೆರಳಿಗೆ ಗ್ರೀಸು ಮೆತ್ತಿದೆ, ಮುಂಡು ಹಾಳಾಗುತ್ತದೆ ಎಂದು ಅದಕ್ಕೆ ಕಾರಣ ಹೇಳುತ್ತಿದ್ದ. ಗ್ರೀಸು ಮುಟ್ಟದ ದಿನವೂ ಹಾಗೆಯೇ ಮಾಡುತ್ತಿದ್ದ, ಗ್ರೀಸು ಮುಟ್ಟದ ದಿನಗಳೇ ಹೆಚ್ಚು. ಸ್ವಂತ ಮುಂಡನ್ನು ಎತ್ತಿ ನಿಲ್ಲಿಸಲಾರದ ಈ ಮಹಾನುಭಾವ ಬೆಳ್ಳಾರೆಯಿಂದ ಸುಳ್ಯದವರೆಗಿನ ಭಾರವನ್ನೆಲ್ಲ ಎತ್ತಿ ಕೊಡುತ್ತೇನೆಂದು ಹೊರಟಿದ್ದ.

ಅವನು ನನ್ನ ತಂಗಿಯ ಗಂಡ. ಆಲೆಟ್ಟಿಯ ಕಡೆಯವನು, ಮೂವರು ಅಣ್ಣತಮ್ಮಂದಿರಲ್ಲಿ ಕೊನೆಯವನು. ತೋಟದ ಕೆಲಸಕ್ಕೆ ಬೆನ್ನು ಬಗ್ಗುವುದಿಲ್ಲ ಎಂದು ಅಣ್ಣಂದಿರು ಕೈಬಿಟ್ಟಿದ್ದರು. ಸುಳ್ಯದಲ್ಲಿ ಸೈಕಲ್ ಶಾಪು ಇಟ್ಟ, ಅದು ಒಂದು ಮಳೆಗಾಲ ದಾಟಲಿಲ್ಲ. ಹುಡುಗನ ಮಾತು ಚಂದ ಉಂಟು ಎಂದು ನನ್ನ ಅಮ್ಮ ಒಪ್ಪಿದ ಸಂಬಂಧ ಅದು. ಮಾತನ್ನು ಒಲೆಗೆ ಇಟ್ಟರೆ ಅನ್ನ ಬೇಯುತ್ತದೆಯೇ ಎಂದು ಆಗ ಕೇಳಿದ್ದು ನಾನೊಬ್ಬನೇ. ಕೊನೆಗೆ ಬೇಯಿಸುವ ಹೊಣೆ ಬಂದದ್ದೂ ನನ್ನ ತಲೆಗೆ. ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ದಿನ ಬೆಳ್ಳಾರೆಯ ನನ್ನ ಗ್ಯಾರೇಜಿಗೆ ಬಂದವನು, "ಎರಡು ದಿನ ನಿಮ್ಮ ಕೆಲಸ ನೋಡಿ ಹೋಗ್ತೇನೆ ಭಾವ" ಎಂದ. ಎಂಟು ವರ್ಷ ನೋಡಿದ.

ನನ್ನ ಗ್ಯಾರೇಜು ಎಂದರೆ ಆಗ ನಾಲ್ಕು ಕಂಬ, ಒಂದು ತಗಡಿನ ಮಾಡು, ಒಂದು ಮಾವಿನ ಮರ. ಜೀಪಿನ ಎಂಜಿನ್ ಇಳಿಸಬೇಕಾದರೆ ಜೀಪನ್ನು ಮರದ ಅಡಿಗೆ ತಳ್ಳಿ, ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ, ಎಂಜಿನ್ ಎತ್ತಿ ಹಿಡಿದು, ಜೀಪನ್ನು ಹಿಂದಕ್ಕೆ ತಳ್ಳಬೇಕು. ಆ ಕಡೆಯ ಮೆಕ್ಯಾನಿಕ್‌ಗಳೆಲ್ಲ ಹಾಗೆಯೇ ಮಾಡುತ್ತಿದ್ದರು. ಭಾವ ಒಂದು ವಾರ ಇದನ್ನು ನೋಡಿದ. ಸ್ಪಾನರ್ ಹಿಡಿ ಎಂದರೆ ಹಿಡಿಯುತ್ತಿರಲಿಲ್ಲ, ಮರವನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ, "ಜೀಪು ಮರದ ಹತ್ತಿರ ಹೋಗುದಲ್ಲ ಭಾವ, ಮರ ಜೀಪಿನ ಹತ್ತಿರ ಬರಬೇಕು."

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಇವನು ನನ್ನ ವೆಲ್ಡಿಂಗ್ ರಾಡುಗಳನ್ನು ಮುಗಿಸಿ, ಎರಡು ತಿಂಗಳು ಗ್ಯಾರೇಜಿನ ಅರ್ಧ ಜಾಗ ಹಿಡಿದು ಒಂದು ಯಂತ್ರ ಮಾಡಿದ. ಹಳೆ ಲಾರಿಯ ಚಾಸಿಸ್ಸಿನಿಂದ ಎರಡು ಕಾಲು, ದಪ್ಪ ಪೈಪಿನ ಒಂದು ಕಂಬ, ಅದರ ತಲೆಗೆ ಏತದ ಹಾಗೆ ಮುಂದಕ್ಕೆ ಚಾಚಿದ ಒಂದು ಕೈ, ಕೈಯ ಅಡಿಗೆ ಗುಜರಿಗೆ ಬಂದ ಟಿಪ್ಪರಿನ ಎಣ್ಣೆ ಜಾಕು. ಜಾಕು ಒತ್ತಿದರೆ ಕೈ ಏಳುತ್ತದೆ, ವಾಲ್ವ್ ತಿರುಗಿಸಿದರೆ ಇಳಿಯುತ್ತದೆ. ಕೈಯನ್ನು ಉದ್ದ ಮಾಡಬಹುದು, ಗಿಡ್ಡ ಮಾಡಬಹುದು, ಸುತ್ತ ತಿರುಗಿಸಬಹುದು. ನಮ್ಮ ಕೆಂಪು ಮಣ್ಣಿನ ಅಂಗಳದಲ್ಲಿ ಸಣ್ಣ ಚಕ್ರ ಹೂತುಹೋಗುತ್ತದೆಂದು ಹಳೆ ಅಂಬಾಸಿಡರ್‌ನ ಗಾಲಿಗಳನ್ನೇ ಹಾಕಿದ್ದ. ಹಾಗಾಗಿ ಅದನ್ನು ಜೀಪಿನ ಹಿಂದೆ ಕಟ್ಟಿ ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗಬಹುದಿತ್ತು. ಎತ್ತಿದ ಭಾರ ತಾನಾಗಿ ಇಳಿಯದಂತೆ ಎಣ್ಣೆ ತಡೆಯುವ ಜಾಕಿನ ಒಳಗಿನ ವಾಶರ್ ಮಾತ್ರ ನಾನು ಹಾಕಿದ್ದು, ಅದನ್ನು ಅವನ ಕೈಗೆ ಕೊಡುವಷ್ಟು ಮರುಳು ನನಗಿರಲಿಲ್ಲ. ಊರಿನವರು ಅದನ್ನು ಕ್ರೇನು ಎಂದರು. ಚೆನ್ನಾಗಿಯೇ ಇತ್ತು ಎಂದು ಈಗ ಹೇಳುತ್ತೇನೆ, ಆಗ ಹೇಳಲಿಲ್ಲ.

ಎಂಜಿನ್ ಎತ್ತಲಿಕ್ಕೆ ಮಾಡಿದ ಯಂತ್ರ ಎಂಜಿನ್ ಎತ್ತಿಕೊಂಡು ಗ್ಯಾರೇಜಿನಲ್ಲಿ ಬಿದ್ದಿರಬೇಕಲ್ಲ? ಇಲ್ಲ. ಬಾವಿಗೆ ಬಿದ್ದ ಪಂಪ್‌ಸೆಟ್ ಮೇಲೆತ್ತಬೇಕು ಎಂದು ಒಬ್ಬ ಬಂದರೆ ಕ್ರೇನು ಹೊರಟಿತು. ಕಟ್ಟುವ ಮನೆಗೆ ಕಲ್ಲಿನ ಹೊಸಿಲು ಇಡಬೇಕೆಂದು ಇನ್ನೊಬ್ಬ ಬಂದರೂ ಹೊರಟಿತು. "ಭಾರಕ್ಕೆಂತ ಭಾವ, ಎಂಜಿನ್ ಆದರೂ ಒಂದೇ, ಎಮ್ಮೆ ಆದರೂ ಒಂದೇ" ಎನ್ನುತ್ತ ಮುಂಡು ಮೇಲೆ ತಳ್ಳಿಕೊಂಡು ಜೀಪು ಹತ್ತುತ್ತಿದ್ದ. ಹೋದಲ್ಲಿ ಒಂದು ಲೋಟ ಚಾ, ನಾಲ್ಕು ಹೊಗಳಿಕೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಕಡಬದ ಜೀಪು ಡ್ರೈವರ್ ಒಬ್ಬ ಎರಡು ದಿನ ನನ್ನ ಬೆಂಚಿನ ಮೇಲೆ ಕಾದು ಕುಳಿತಿದ್ದ.

"ನಿಮ್ಮ ಕ್ರೇನು ಎಲ್ಲಿಗೆ ಹೋಗಿದೆ ಮಾರಾಯ್ರೆ?"

"ಆಲೆಟ್ಟಿಗೆ."

"ಅಲ್ಲಿ ಎಂತ, ಲಾರಿ ಮಗುಚಿದೆಯಾ?"

"ಮದುವೆಮನೆಯ ಅರೆಯುವ ಕಲ್ಲು ಅಂಗಳದಿಂದ ಜಗಲಿಗೆ ಹತ್ತಬೇಕಂತೆ."

ಡ್ರೈವರ್, "ನನ್ನ ಜೀಪಿಗಿಂತ ಆ ಕಲ್ಲಿಗೆ ಯೋಗ ಉಂಟು" ಎಂದ. ಎದ್ದು ಬೇರೆ ಗ್ಯಾರೇಜಿಗೆ ಹೋದ. ಹೀಗೆ ಹೋದವರು ಅವನೊಬ್ಬನೇ ಅಲ್ಲ.

ಅಂಥ ಹೊತ್ತಿನಲ್ಲಿ ಪುತ್ತೂರಿನ ಒಬ್ಬ ಬಸ್ಸಿನ ಧಣಿ ನನ್ನನ್ನು ಹುಡುಕಿಕೊಂಡು ಬಂದರು. ಅವರಿಗೆ ಏಳು ಬಸ್ಸು. ಒಂದರ ಎಂಜಿನ್ ಕುಟ್ಟುತ್ತಿತ್ತು. ಶುಕ್ರವಾರ ಸಂಜೆ ಬಸ್ಸನ್ನು ನನ್ನ ಅಂಗಳದಲ್ಲಿ ನಿಲ್ಲಿಸಿ ಹೇಳಿದರು, "ಸೋಮವಾರ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಇದು ರೋಡಿನಲ್ಲಿರಬೇಕು. ಇದ್ದರೆ ಬಾಕಿ ಆರೂ ನಿನ್ನ ಹತ್ತಿರವೇ ಬರ್ತದೆ. ಇಲ್ಲದಿದ್ದರೆ ಮತ್ತೆ ನನ್ನ ಹತ್ತಿರ ಮಾತಾಡುದು ಬೇಡ." ಅದು ಚಪ್ಪಟೆ ಮೋರೆಯ ಬಸ್ಸು. ಎಂಜಿನ್ ಡ್ರೈವರಿನ ಪಕ್ಕ, ಬಸ್ಸಿನ ಮಾಡಿನ ಅಡಿಗೆ. ಮಾವಿನ ಕೊಂಬೆಯ ಚೈನು ಅಲ್ಲಿಗೆ ತಲುಪುವುದಿಲ್ಲ. ಮುಂದಿನಿಂದ ಉದ್ದದ ಕೈ ಒಳಗೆ ಹೋಗಬೇಕು, ಅಂದರೆ ಕ್ರೇನೇ ಬೇಕು. ಕ್ರೇನು ಬುಧವಾರವೇ ಊರು ಸುತ್ತಲು ಹೋಗಿತ್ತು.

ಈ ಸಲ ಹೋದದ್ದು ಒಂದು ದನ ಎತ್ತಲಿಕ್ಕೆ. ಎರಡು ಮೈಲಿ ಆಚೆ ಒಬ್ಬಳು ವಿಧವೆ ಇದ್ದಳು, ಬೀಡಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವವಳು. ಬೀಡಿಯಕ್ಕ ಎಂದೇ ಎಲ್ಲರೂ ಕರೆಯುವುದು. ಕೊಯಿಲದ ದನದ ಫಾರ್ಮಿನ ಜಾತಿಯ ಕಡಸೊಂದನ್ನು ಹೇಗೋ ತಂದು ಸಾಕಿದ್ದಳು. ಅದು ಕರು ಹಾಕಿದ ಮಾರನೆ ದಿನ ಮಲಗಿದ್ದು ಏಳಲಿಲ್ಲ. ದನದ ಡಾಕ್ಟರು ಮದ್ದು ಕೊಟ್ಟು, ದಿನಕ್ಕೆ ನಾಲ್ಕು ಸಲ ಎತ್ತಿ ಹಿಡಿದು ನಿಲ್ಲಿಸಿದರೆ ಹಿಂಗಾಲಿಗೆ ಬಲ ಬಂದೀತು, ಮಲಗಿಯೇ ಇದ್ದರೆ ಬದುಕುವುದಿಲ್ಲ ಎಂದಿದ್ದರಂತೆ. ಹೊಟ್ಟೆಯ ಅಡಿಗೆ ಗೋಣಿ ಹಾಕಿ, ಅಡಿಕೆ ಮರದ ಸಲಾಕೆಗೆ ಕಟ್ಟಿ, ಆರು ಜನ ಹೆಗಲು ಕೊಟ್ಟು ಎತ್ತುವುದು ನಮ್ಮ ಕಡೆಯ ಕ್ರಮ. ಮೊದಲ ದಿನ ಆರು ಜನ ಬಂದರು. ಎರಡನೇ ದಿನ ಇಬ್ಬರು. ಬೀಡಿಯಕ್ಕ ಭಾವನ ಹತ್ತಿರ ಓಡಿ ಬಂದಳು.

ಶನಿವಾರ ಬೆಳಿಗ್ಗೆ ಜೀಪು ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತುಗಳನ್ನು ಸಾಣೆ ಹಿಡಿಯುತ್ತಿದ್ದೆ. ದನದ ಹಟ್ಟಿಯ ಹೊರಗೆ ನನ್ನ ಕ್ರೇನು ನಿಂತಿತ್ತು. ಅದರ ಕೊಕ್ಕೆಗೆ ಗೋಣಿಯ ಪಟ್ಟಿ, ಪಟ್ಟಿಯಲ್ಲಿ ದನ. ನೇತಾಡುತ್ತಿರಲಿಲ್ಲ. ನಾಲ್ಕೂ ಕಾಲು ನೆಲಕ್ಕೆ ಊರಿತ್ತು, ಭಾವನ ಕೈಯಿಂದ ಹಸಿಹುಲ್ಲು ಎಳೆದು ತಿನ್ನುತ್ತಿತ್ತು.

"ನೋಡಿ ಭಾವ, ನಿನ್ನೆಯಿಂದ ಅದೇ ಊರ್ತದೆ. ಇನ್ನು ಎರಡೇ ದಿನ, ನಡೀತದೆ."

"ನನಗೆ ಈಗ ಬೇಕು."

"ಬಸ್ಸಿನದ್ದು ನಿನ್ನೆ ರಾತ್ರಿಯೇ ಯಾರೋ ಹೇಳಿದರು. ಹತ್ತು ಜನ ನಾನು ಕರ್ಕೊಂಡು ಬರ್ತೇನೆ. ದಿಮ್ಮಿ ಇಟ್ಟು ಎಂಜಿನ್ ಹೊರಗೆ ಎಳೆಯುವ."

"ಅದಕ್ಕೆ ಒಂದು ದಿನ ಹೆಚ್ಚು ಹಿಡೀತದೆ. ಮಂಗಳವಾರ ಆಗ್ತದೆ. ನಿನ್ನ ದನಕ್ಕೆ ಬೇಕಾಗಿ ನಾನು ಗ್ಯಾರೇಜು ಮುಚ್ಚಬೇಕಾ? ನಿನ್ನ ಹೆಂಡತಿಯ ಹೊಟ್ಟೆ ತುಂಬುದು ಎಲ್ಲಿಂದ ಅಂತ ಒಂದು ದಿನವಾದರೂ ಯೋಚನೆ ಮಾಡಿದ್ದೀಯಾ?"

ಅವನು ತಲೆ ತಗ್ಗಿಸಿದ. ಬೀಡಿಯಕ್ಕ ಮನೆಯಲ್ಲಿರಲಿಲ್ಲ, ವಾರದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿದ್ದಳು, ಮಕ್ಕಳೂ ಜೊತೆಗೆ. ಅದೇ ಒಳ್ಳೆಯದಾಯಿತು ಎಂದು ಅನಿಸಿತು. ಜಾಕಿನ ವಾಲ್ವ್ ತಿರುಗಿಸಿದ್ದು ನಾನು. ದನ ಮೊದಲು ಮುಂಗಾಲು ಮಡಚಿತು, ಆಮೇಲೆ ಹಿಂದಿನ ಭಾಗ ಒಂದು ಬದಿಗೆ ಜಾರಿ ಕುಳಿತಿತು. ಬಾಯಲ್ಲಿ ಹುಲ್ಲು ಹಾಗೆಯೇ ಇತ್ತು. ಭಾವ ಗೋಣಿ ಬಿಚ್ಚಿದ, ಕ್ರೇನನ್ನು ಜೀಪಿಗೆ ಕಟ್ಟಲು ಹೆಗಲು ಕೊಟ್ಟ. "ಎಡದ ಗಾಲಿಯ ಒಂದು ನಟ್ಟು ಸಡಿಲ ಉಂಟು, ನಿಧಾನ ಹೋಗಿ" ಎಂದ. ಥೂ, ಇವನೂ ಒಬ್ಬ ಗಂಡಸೇ ಎಂದುಕೊಂಡು ಗೇರು ಹಾಕಿದೆ.

ಮಧ್ಯಾಹ್ನದೊಳಗೆ ಎಂಜಿನ್ ಹೊರಗಿತ್ತು. ಭಾನುವಾರ ಸಂಜೆಗೆ ಒಳಗಿತ್ತು. ಸೋಮವಾರ ಮೊದಲ ಟ್ರಿಪ್ಪಿಗೆ ಬಸ್ಸು ಹೋಯಿತು, ವಾರದೊಳಗೆ ಎರಡನೆಯದು ನನ್ನ ಅಂಗಳಕ್ಕೆ ಬಂತು. ಭಾವ ಆ ಎರಡು ದಿನ ಮನೆಮನೆಗೆ ಹೋಗಿ ಜನ ಸೇರಿಸಿ ಸಲಾಕೆಯಲ್ಲಿ ದನ ಎತ್ತಿಸಲು ನೋಡಿದನಂತೆ. ಭಾನುವಾರ ಒಂದು ಸಲ ಎತ್ತಿದರು. ಆಮೇಲೆ ಯಾರೂ ಬರಲಿಲ್ಲ. ದನ ಮಂಗಳವಾರ ಬೆಳಿಗ್ಗೆ ಸತ್ತಿತು.

ನನಗೆ ತಿಳಿದದ್ದು ಹೋಟೆಲಿನಲ್ಲಿ, ಅವಲಕ್ಕಿ ತಿನ್ನುವಾಗ.

"ನಿಮ್ಮ ಭಾವನ ಕ್ರೇನು ದನವನ್ನೇ ಕೊಂದಿತಂತಲ್ಲ?" ಎಂದು ಪಕ್ಕದ ಬೆಂಚಿನವನು ಕೇಳಿದ.

"ಯಾರು ಹೇಳಿದ್ದು?"

"ಅವನೇ ಹೇಳಿದ್ದು ಬೀಡಿಯಕ್ಕನ ಹತ್ತಿರ. ಜಾಕಿನ ವಾಶರ್ ಹೋಗಿ ದನ ಸಮೇತ ಕೆಳಗೆ ಬಂತಂತೆ. ರಿಪೇರಿಗೆ ಅಂತ ನಿಮ್ಮಲ್ಲಿಗೆ ಕಳಿಸಿದ್ದಂತೆ. ಅರೆಯುವ ಕಲ್ಲು ಎತ್ತುವವನಿಗೆ ದನ ಯಾಕೆ ಬೇಕಿತ್ತು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಗ್ಯಾರೇಜಿಗೆ ಬಂದವನೇ ಭಾವನನ್ನು ಹಿಡಿದು ಕೇಳಿದೆ, ಹೀಗೆ ಸುಳ್ಳು ಹೇಳಲು ನಿನಗೆ ಯಾರು ಹೇಳಿದ್ದು ಎಂದು.

"ನಿಮ್ಮ ಗ್ಯಾರೇಜು ಈಗಷ್ಟೇ ಎದ್ದು ನಿಲ್ತಾ ಉಂಟು ಭಾವ. ಊರವರು ನಾಲ್ಕು ಮಾತು ಆಡುದು ಬೇಡ" ಎಂದ. ಮುಂಡು ಮೇಲೆ ತಳ್ಳಿಕೊಂಡ. "ನನಗಾದರೆ ಅಭ್ಯಾಸ ಉಂಟು."

ಅಭ್ಯಾಸ ಮಾಡಿಸಿದವರಲ್ಲಿ ಮೊದಲನೆಯವನು ನಾನು. ಅವನು ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಬೈಯಲಿಕ್ಕೂ ಬೆನ್ನೆಲುಬಿಲ್ಲದ ಪ್ರಾಣಿ ಎಂದು ಅವನನ್ನು ಇನ್ನೂ ಕೀಳಾಗಿ ಕಂಡೆ. ಹಾಗೆ ಕಾಣದಿದ್ದರೆ ನನ್ನನ್ನು ನಾನು ಹೇಗೆ ಕಾಣಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಬೀಡಿಯಕ್ಕನ ಮನೆಯ ದಾರಿಯಲ್ಲಿ ನಾನು ಮತ್ತೆ ಹೋಗಲಿಲ್ಲ. ಹೋಗಿ ನಿಜ ಹೇಳಲು ನಾಚಿಕೆ, ಹೇಳದೆ ಎದುರು ನಿಲ್ಲಲು ಹೆದರಿಕೆ.

ಆಮೇಲೆ ಅವನನ್ನು ಯಾರೂ ಏನನ್ನೂ ಎತ್ತಲು ಕರೆಯಲಿಲ್ಲ. ಬಾವಿಯ ಪಂಪಿಗೂ ಇಲ್ಲ, ಹೊಸಿಲಿಗೂ ಇಲ್ಲ. ಕ್ರೇನು ಗ್ಯಾರೇಜಿನಲ್ಲಿಯೇ ಉಳಿಯಿತು, ನನಗೆ ಬೇಕಾದದ್ದೂ ಅದೇ. ಏಳು ಬಸ್ಸುಗಳಿಂದ ಗ್ಯಾರೇಜಿಗೆ ಸಿಮೆಂಟಿನ ನೆಲ ಬಂತು, ಮಾಡು ದೊಡ್ಡದಾಯಿತು. ನೂರಾರು ಎಂಜಿನ್ ಎತ್ತಿದ್ದೇನೆ ಅದರಲ್ಲಿ. ಎತ್ತಿದ ಎಂಜಿನ್ನನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಿ ಬಂದರೂ ಆ ಜಾಕು ಒಂದು ನೂಲಿನಷ್ಟು ಇಳಿದದ್ದಿಲ್ಲ. ಭಾವ ಬಂದು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದ. ಮಾತಿನ ಮಲ್ಲನಾಗಿದ್ದವನು, ಕ್ರೇನಿನ ವಿಷಯ ಯಾರಾದರೂ ತೆಗೆದರೆ ಎದ್ದು ಹೊರಗೆ ಹೋಗುತ್ತಿದ್ದ. ಕೊನೆಗೆ ಬರುವುದನ್ನೂ ಬಿಟ್ಟ, ತಂಗಿಯನ್ನು ಕರೆದುಕೊಂಡು ಆಲೆಟ್ಟಿಗೆ ಹೋಗಿ ಅಣ್ಣಂದಿರ ತೋಟದ ಬದಿಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನಿಗೆ ಎದೆಯ ಕಾಯಿಲೆ ಬಂತು. ಒಂದು ಬುಧವಾರ ಮಧ್ಯಾಹ್ನ ಹೋದ. ಸುದ್ದಿ ಕೇಳಿ ನಾನು ತಲುಪುವಾಗ ಅಂಗಳದಲ್ಲಿ ಜನ ಸೇರಿದ್ದರು, ನಾನು ಎಣಿಸಿದ್ದಕ್ಕಿಂತ ಹೆಚ್ಚು. ಬೀಡಿಯಕ್ಕನೂ ಬಂದಿದ್ದಳು, ಬಸ್ಸು ಬದಲಿಸಿ, ಆಮೇಲೆ ನಡೆದು. ಕೂದಲು ಬೆಳ್ಳಗಾಗಿತ್ತು. ಹೆಣದ ಕಾಲಿಗೆ ಕೈಮುಗಿದು, ನನ್ನ ತಂಗಿಯ ಪಕ್ಕ ಕುಳಿತು ಅವಳ ಕೈ ಹಿಡಿದುಕೊಂಡಳು.

"ಕರೆದರೆ ಓಡಿ ಬರುವ ಜನ. ಮೂರು ದಿನ ನನ್ನ ಹಟ್ಟಿಯಲ್ಲೇ ಇದ್ದರು" ಎಂದಳು. "ಅವರನ್ನು ದೂರಿ ಪ್ರಯೋಜನ ಇಲ್ಲ. ಆ ಕ್ರೇನನ್ನು ಮಾತ್ರ ನಾನು ನಂಬಬಾರದಿತ್ತು." ಆಮೇಲೆ ಎದುರಿಗೆ ನಿಂತಿದ್ದ ನನ್ನತ್ತ ತಿರುಗಿದಳು. "ಅದು ನಿಮ್ಮ ಹತ್ತಿರವೇ ಉಂಟಲ್ಲ ಅಣ್ಣ, ನಿಮಗೆ ಗೊತ್ತಿರ್ತದೆ. ಅದು ಸರಿ ಇರ್ಲಿಲ್ಲ, ಅಲ್ವಾ?"

ಅಂಗಳದಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ತಂಗಿಯೂ ನೋಡಿದಳು. ಗಂಡ ಅವಳಿಗೆ ನಿಜ ಹೇಳಿದ್ದನೋ ಇಲ್ಲವೋ, ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಹೌದಕ್ಕ" ಎಂದೆ, "ಅದರ ವಾಶರ್ ಸರಿ ಇರಲಿಲ್ಲ."

ತಂಗಿ ಬೀಡಿಯಕ್ಕನ ಕೈ ಬಿಡಿಸಿಕೊಂಡು ಎದ್ದು ಒಳಗೆ ಹೋದಳು. ಚಿತೆಗೆ ಎತ್ತುವ ಹೊತ್ತಿಗೆ ನಾನು ಹೆಗಲು ಕೊಡಲು ಮುಂದೆ ಬಂದಾಗ, ತಂಗಿ ಬಾಗಿಲಲ್ಲಿ ನಿಂತು, "ನೀನು ಬೇಡ ಅಣ್ಣ" ಎಂದಳು.