ಭೋಗಿ ಬೆಂಕಿಗೆ ಹಾಕಿದ ಏಣಿ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿಗೆ ಬಣ್ಣ ಬಳಿಯುವವರು ಬಂದು ಬಿದಿರಿನ ಸಾರುವೆ ಕಟ್ಟಿದರು. ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಕಣ್ಣೆದುರಿನ ಗಳದಲ್ಲಿ ಒಂದು ತೂತು ಕಂಡಿತು, ಡ್ರಿಲ್ ಹಾಕಿ ಕೊರೆದಷ್ಟು ದುಂಡಗೆ. ಅದರಡಿ ಕಟ್ಟೆಯ ಮೇಲೆ ಚಿಟಿಕೆಯಷ್ಟು ಹಳದಿ ಹೊಟ್ಟು. ಲೋಟ ಕೆಳಗಿಟ್ಟು ಬಗ್ಗಿ ನೋಡಿದೆ.

ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರಮ್ಮ ನೆನಪಾದರು...

ನಾವು ತಾಂಬರಂಗೆ ಬಂದ ಮೊದಲ ವರ್ಷ. ಅವರು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಕೋಲಾರದ ಕಡೆಯವರು, ಒಬ್ಬರೇ ಇದ್ದರು. ಕಾಂಪೌಂಡಿನಲ್ಲಿ ಅವರ ಯಜಮಾನರು ನೆಟ್ಟ ನುಗ್ಗೆಮರ. ಕಾಯಿ ಬಿಟ್ಟಾಗ ಬೀದಿಯ ಒಂದೊಂದೇ ಮನೆಗೆ ಹೋಗಿ ಹಂಚುವರು. ಆ ನೆಪದಲ್ಲೇ ಅವರಿಗೆ ನಾಲ್ಕು ಜನ ಮಾತಿಗೆ ಸಿಗುತ್ತಿದ್ದದ್ದು. ಮರದ ಬುಡದಲ್ಲಿ ಮೆಟ್ಟಿಲು ಮುರಿದ ಬಿದಿರೇಣಿ ಒರಗಿಸಿದ್ದರು. ಅದರ ತುಂಬ ತೂತು, ಕೆಳಗೆ ಹೊಟ್ಟು. ಗೆದ್ದಲು ಹಿಡಿದಿದೆ ಅಂದುಕೊಂಡೆ.

ಪೊಂಗಲ್ ಹಿಂದಿನ ದಿನ ಭೋಗಿ. ಬೆಳಗಾಗುವ ಮೊದಲೇ ಹಳೆಯದನ್ನೆಲ್ಲ ಬೀದಿಯಲ್ಲಿ ಹಾಕಿ ಸುಡುವ ಪದ್ಧತಿ. ಮಂಡ್ಯದಿಂದ ಬಂದ ನನಗೆ ತಮಿಳು ಬಾರದಿದ್ದರೂ ಹಬ್ಬ ಮಾಡಲು ಬರುತ್ತದೆ ಎಂದು ತೋರಿಸಿಕೊಳ್ಳುವ ಉಮೇದು. ನಮ್ಮಲ್ಲಿ ಸುಡಲು ಹಳೇ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಸೀದಾ ಹೋಗಿ ಟೀಚರಮ್ಮನ ಏಣಿ ಎಳೆದು ತಂದೆ. ಅವರನ್ನು ಕೇಳಲಿಲ್ಲ. ವಯಸ್ಸಾದವರಿಗೆ ಹಳೇ ಸಾಮಾನಿನ ಮೇಲೆ ಮೋಹ, ಕೇಳಿದರೆ ಬೇಡ ಅನ್ನುತ್ತಾರೆ ಎಂದು ನಾನೇ ತೀರ್ಮಾನಿಸಿದ್ದೆ. ದೊಡ್ಡ ಉಪಕಾರಿ ನಾನು!

ಬಿದಿರು ಪಟಪಟ ಸಿಡಿಯಿತು. ಮಗಳು ಚಪ್ಪಾಳೆ ತಟ್ಟಿದಳು. ಆಮೇಲೆ ಏಣಿಯ ಒಳಗಿಂದ ಗುಂಯ್ ಎಂಬ ಸದ್ದು ಎದ್ದಿತು. ತೂತುಗಳಿಂದ ಹೆಬ್ಬೆರಳ ತುದಿಯಷ್ಟು ದಪ್ಪದ ಕರಿ ದುಂಬಿಗಳು ಒಂದರ ಹಿಂದೊಂದು ಹೊರಬಿದ್ದವು. ರೆಕ್ಕೆ ಸುಟ್ಟುಕೊಂಡು ರಸ್ತೆಯ ಮೇಲೆ ಗಿರಗಿರ ಸುತ್ತಿದವು. ಮಗಳು ಚಪ್ಪಾಳೆ ನಿಲ್ಲಿಸಿ ನನ್ನ ಮುಖ ನೋಡಿದಳು.

“ಅಯ್ಯಯ್ಯೋ, ತೆಗಿಯಪ್ಪಾ ಅದನ್ನ! ಒಳಗೆಲ್ಲ ವಂಡು, ದುಂಬಿ ಇದೆ!”

ಬರಿಗಾಲಲ್ಲಿ ಬಕೆಟ್ ಹಿಡಿದು ಓಡಿ ಬಂದ ಟೀಚರಮ್ಮ ನೀರು ಸುರಿದರು. ಬೈಯುತ್ತಾರೆಂದು ಕಾದೆ. ಅವರು ಮನೆಯಿಂದ ಕತ್ತಿ ತಂದು, ಕರಕಲಾದ ಬಿದಿರನ್ನು ಸೀಳಿ ನನ್ನ ಮುಂದೆ ಹಿಡಿದರು. ಒಳಗೆ ಹೊಟ್ಟಿನಿಂದ ಕಟ್ಟಿದ ಗೋಡೆಗಳು, ಸಾಲಾಗಿ ಪುಟ್ಟ ಕೋಣೆಗಳು.

“ಒಂದೊಂದು ರೂಮಲ್ಲಿ ಪರಾಗದ ಉಂಡೆ ಇಟ್ಟು, ಅದರ ಮೇಲೆ ಒಂದೇ ಮೊಟ್ಟೆ ಇಡುತ್ತಪ್ಪಾ. ಚಳೀಲಿ ಎಲ್ಲ ಒಳಗೇ ಮಲಗಿರ್ತವೆ. ನುಗ್ಗೆ ಹೂವಿಗೆ ಇವೇ ಬರಬೇಕು. ಅದಕ್ಕೇ ಈ ಏಣಿ ಬಿಸಾಕದೆ ಇಟ್ಕೊಂಡಿದ್ದೆ.”

ಅವು ಕಚ್ಚುವ ಹುಳು ಎಂದಷ್ಟೇ ನನಗೆ ಗೊತ್ತಿದ್ದದ್ದು. ಒಂದು ಬೀದಿಯ ಸಾಂಬಾರು ಅವುಗಳ ಕಾಲಿಗಂಟಿದ ಧೂಳಿನ ಮೇಲೆ ನಿಂತಿದೆ ಎಂದು ಯಾರು ಎಣಿಸಿರುತ್ತಾರೆ?

ಮುಂದಿನ ತಿಂಗಳು ಮರ ಮೈತುಂಬ ಹೂ ಬಿಟ್ಟಿತು. ಗುಂಯ್ ಸದ್ದು ಮಾತ್ರ ಇರಲಿಲ್ಲ. ಹೂವೆಲ್ಲ ಹಾಗೇ ಉದುರಿ ನೆಲ ಬೆಳ್ಳಗಾಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಎಪ್ಪತ್ತು ದಾಟಿದ ಟೀಚರಮ್ಮ ಸ್ಟೂಲ್ ಹತ್ತಿ, ಪೇಂಟಿಂಗ್ ಬ್ರಶ್ಶಿನಿಂದ ಹೂವಿಂದ ಹೂವಿಗೆ ಪರಾಗ ಸವರುತ್ತಿದ್ದಾರೆ! ನಾಚಿಕೆಯಿಂದ ಸತ್ತುಹೋದೆ. ಆವತ್ತಿನಿಂದ ಸ್ಟೂಲ್ ಹಿಡಿದುಕೊಳ್ಳುವ ಕೆಲಸ ನನ್ನದಾಯಿತು.

ಆ ವರ್ಷ ಕೈಗೆಟುಕುವ ಕೊಂಬೆಗಳಲ್ಲಿ ಮಾತ್ರ ನಾಲ್ಕಾರು ಕಾಯಿ ಇಳಿಬಿದ್ದವು. ಎಲ್ಲವನ್ನೂ ತಂದು ನಮ್ಮ ಮನೆಗೇ ಕೊಟ್ಟರು.

“ಮಿಕ್ಕಿದ ಮನೆಗಳಿಗೆ?” ಎಂದೆ.

“ಇಷ್ಟೇ ತಗೊಂಡು ಯಾರ ಮನೆಗೆ ಹೋಗ್ಲಪ್ಪಾ...”

ಆ ಬೇಸಿಗೆ ಅವರು ಬೀದಿಗೇ ಇಳಿಯಲಿಲ್ಲ. ಆಮೇಲೆ ನಾನು ಹೊಸ ಬಿದಿರು ತಂದು ಮರಕ್ಕೆ ಕಟ್ಟಿದೆ. ದುಂಬಿ ಬರುವುದಕ್ಕೆ ಮೊದಲೇ ಟೀಚರಮ್ಮ ತೀರಿಹೋದರು. ಮನೆ ಕೆಡವಿದರು, ಮರವೂ ಹೋಯಿತು. ನಾನೀಗಿರುವ ಅಪಾರ್ಟ್‌ಮೆಂಟ್ ಎದ್ದದ್ದು ಅದೇ ಜಾಗದಲ್ಲಿ.

ನಿನ್ನೆ ಸಾರುವೆ ಬಿಚ್ಚಿದರು. ತೂತಿನ ಗಳ ಕೇಳಿ ಇಟ್ಟುಕೊಂಡೆ. ಕಿವಿಗೊಟ್ಟೆ, ಒಳಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಬಾಲ್ಕನಿಯ ಕಂಬಿಗೆ ಕಟ್ಟಿ ಕೆಳಗೆ ನೋಡಿದೆ. ಸಿಮೆಂಟು, ಸಾಲಾಗಿ ನಿಂತ ಕಾರುಗಳು. ಮನೆ ಉಳಿಸಿಕೊಟ್ಟೆ ಸರಿ, ಈ ದುಂಬಿ ಹೋಗಲಿಕ್ಕೆ ಒಂದು ಹೂವೂ ನನ್ನ ಕಣ್ಣಿಗೆ ಬೀಳಲಿಲ್ಲ.